ಎಣ್ಣೆ ಕುಡಿದ ಪಚ್ಚೆ

ಹೊಳೆಯ ದಂಡೆಯ ಮೇಲೆ ಮೋನಪ್ಪಾಚಾರಿ ಎಂಬ ಅಕ್ಕಸಾಲಿಗರಿದ್ದರು. ಒಡವೆಗೆ ಕಲ್ಲು ಕೂರಿಸುವುದರಲ್ಲಿ ಎತ್ತಿದ ಕೈ. ಅವರ ಶಿಷ್ಯ ನಾಗಲಿಂಗನಿಗೂ ಕೈ ಚೆನ್ನಾಗಿ ಕುದುರಿತ್ತು. ನಾಲಿಗೆಗೆ ಮಾತ್ರ ವಿಪರೀತ ಸಂಕೋಚ.

ಅವರಲ್ಲಿ ಒಂದು ಪದ್ಧತಿಯಿತ್ತು. ಯಾರೇ ಕಲ್ಲು ತರಲಿ, ಅವರನ್ನು ಕಿಟಕಿಯ ಹತ್ತಿರ ಕರೆಯಬೇಕು. ಕಲ್ಲನ್ನು ಬೆಳಕಿಗೆ ಹಿಡಿದು, ಅದರಲ್ಲಿರುವ ಊನವನ್ನು ಅವರೆದುರೇ ನೋಡಿ ಹೇಳಬೇಕು. ಆಮೇಲೆಯೇ ಕೆಲಸಕ್ಕೆ ತೆಗೆದುಕೊಳ್ಳುವುದು.

ಗುರುಗಳು ಊರಲ್ಲಿಲ್ಲದ ದಿನ ಸರ್ವಮಂಗಳ ಬಂದಳು. ದೊಡ್ಡ ಮನೆಯ ಹೊಸ ಸೊಸೆ. ಕೈಯಲ್ಲಿ ಅತ್ತೆಯ ಪಚ್ಚೆಯ ಪದಕ.

"ಕಲ್ಲು ಅಲುಗಾಡ್ತಿದೆ, ಬಿಗಿ ಮಾಡಿಕೊಡಿ. ನಾಳೆ ಮಧ್ಯಾಹ್ನ ಬರ್ತೀನಿ. ಹುಷಾರು, ಅತ್ತೆಗೆ ಇದು ಅಂದ್ರೆ ಪ್ರಾಣ."

ಅಂಥ ಮನೆಯವರ ಒಡವೆಯಲ್ಲಿ ಅವರೆದುರೇ ಊನ ಹುಡುಕುವುದು ಮರ್ಯಾದೆಯಲ್ಲ ಎಂದು ನಾಗಲಿಂಗನಿಗೆ ತೋರಿತು. ನೋಡದೆಯೇ ತೆಗೆದುಕೊಂಡ. ಎಂಥ ಮರ್ಯಾದೆಯೋ!

ಪದಕದಿಂದ ಕಲ್ಲು ಬಿಡಿಸಿ, ಕೊಳೆ ಹೋಗಲೆಂದು ಬಿಸಿ ಅಂಟುವಾಳದ ನೀರಿಗೆ ಹಾಕಿದ. ತೆಗೆದು ನೋಡಿದರೆ ಪಚ್ಚೆಯ ನಡುವೆ, ಅಂಚಿನಿಂದ ಅಂಚಿಗೆ, ಒಂದು ಬಿಳಿಯ ಬಿರುಕು.

ಬಟ್ಟೆಯಿಂದ ಉಜ್ಜಿ ನೋಡಿದ. ಬಿರುಕು ಹೋಗಲಿಲ್ಲ.

ಬೆಳಿಗ್ಗೆ ಗುರುಗಳು ಬಂದಾಗ ಅವನು ಕಲ್ಲನ್ನು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದ.

"ಗುರುಗಳೇ, ಬಿಸಿಗೆ ಒಡೀತೋ, ಮೊದಲೇ ಒಡೆದಿತ್ತೋ ಗೊತ್ತಾಗ್ತಿಲ್ಲ. ಹಳೇ ಬಿರುಕಿಗೆ ಯಾರೋ ಎಣ್ಣೆ ಕುಡಿಸಿ ಮುಚ್ಚಿರಬಹುದು. ನಾನು ತೊಳೆದಾಗ ಎಣ್ಣೆ ಹೋಗಿ ಅದು ಕಂಡಿರಬಹುದು. ಅಲ್ವಾ?"

"ಇರಬಹುದು."

"ಹಾಗಾದ್ರೆ ತಪ್ಪು ನನ್ನದಲ್ಲ."

"ತಗೊಳ್ಳೋವಾಗ ನೋಡಿದ್ಯಾ?"

"ಇಲ್ಲ" ಎಂದ ನಾಗಲಿಂಗ. ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಪಂಚೆ ಎತ್ತಿಕೊಂಡು ಸ್ನಾನಕ್ಕೆ ಹೊಳೆಗೆ ಹೋದರು.

ಅವರು ಅತ್ತ ಹೋಗುತ್ತಲೇ ನಾಗಲಿಂಗ ಕಲ್ಲನ್ನು ಬೆಚ್ಚನೆಯ ಎಣ್ಣೆಯಲ್ಲಿ ಮುಳುಗಿಸಿದ. ಬಿರುಕು ಎಣ್ಣೆ ಕುಡಿಯಿತು. ನೋಡುನೋಡುತ್ತ ಮಾಯವಾಯಿತು. ಒರೆಸಿ ಪದಕದಲ್ಲಿ ಕೂರಿಸಿದ. ಹೋದ ಜೀವ ಬಂದಂತಾಯಿತು.

ಗುರುಗಳು ಬಂದು ಪದಕವನ್ನು ತಿರುಗಿಸಿ ನೋಡಿದರು.

"ಚೆನ್ನಾಗಿ ಕೂರಿಸಿದ್ದೀಯ" ಎಂದು ಅದನ್ನು ಕಿಟಕಿಯ ಬಿಸಿಲಿನಲ್ಲಿಟ್ಟರು. "ಅವರು ಬರೋವರೆಗೂ ಇದರ ಮುಂದೆ ಕೂತಿರು. ಕಣ್ಣು ತೆಗೀಬೇಡ."

ಬಿಸಿಲೇರಿತು. ಕಲ್ಲಿನ ಮೈಮೇಲೆ ಎಣ್ಣೆಯ ಸಣ್ಣ ಹನಿಯೊಂದು ಮೂಡಿತು. ನಾಗಲಿಂಗ ಒರೆಸಿದ. ಮತ್ತೆ ಮೂಡಿತು. ಅದರ ಹಿಂದೆಯೇ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಮೇಲೆದ್ದು ಬಂತು. ಅವನಿಗೆ ಅಳುವೇ ಬಂತು.

"ಗುರುಗಳೇ, ಎಣ್ಣೆ ಬಿಡ್ತಿದೆ! ಬಿಸಿಲಿಂದ ತೆಗೀಲಾ?"

"ತೆಗಿ. ಇಲ್ಲಿ ಬಿಡದಿದ್ರೆ ಇನ್ನೆಲ್ಲಿ ಬಿಡುತ್ತೆ?"

"ಅವರ ಮನೇಲಿ."

"ಆಗ ಅದು ಯಾರ ಕೈಲಿರುತ್ತೆ?"

ಪದಕ ತಂದವಳೂ ಸರ್ವಮಂಗಳ, ಒಯ್ಯುವವಳೂ ಸರ್ವಮಂಗಳ. ಅತ್ತೆ ಕೇಳುವುದು ಅವಳನ್ನೇ. ತನ್ನ ಭಯದಲ್ಲಿ ಮುಳುಗಿದ್ದ ನಾಗಲಿಂಗ ಆ ಹೆಣ್ಣುಮಗಳನ್ನು ಒಂದು ಸಲವೂ ನೆನೆದಿರಲಿಲ್ಲ.

ಅವಳು ಬಂದಳು. ಅವನು ಅವಳನ್ನು ಕಿಟಕಿಯ ಹತ್ತಿರ ಕರೆದ.

"ಅಮ್ಮಾ, ಇದರಲ್ಲಿ ಬಿರುಕಿದೆ. ಮೊದಲೇ ಇತ್ತೋ, ನನ್ನಿಂದ ಆಯ್ತೋ ಗೊತ್ತಿಲ್ಲ. ನಾನು ನೋಡಿ ತಗೊಳ್ಳಲಿಲ್ಲ. ಎಣ್ಣೆ ಹಾಕಿ ಮುಚ್ಚೋಕೂ ಹೋಗಿದ್ದೆ."

ಸರ್ವಮಂಗಳ ನಿಂತಲ್ಲೇ ಕುಸಿದು ಕೂತಳು.

"ನಾನೇ ಒಡೆದೆ ಅಂತಾರೆ, ಆಚಾರ್ರೇ. ನನ್ನನ್ನ ತವರಿಗೆ ಅಟ್ಟಿಬಿಡ್ತಾರೆ."

ಗುರುಗಳು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಎದ್ದರು. ಪದಕವನ್ನು ನಾಗಲಿಂಗನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನೀನು ಮುಂದೆ ನಡಿ. ಈ ತಾಯಿ ನಮ್ಮ ಹಿಂದೆ ಬರಲಿ."

ದೊಡ್ಡ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಅತ್ತೆ ಯಾರನ್ನೋ ಗದರಿಸುತ್ತಿದ್ದುದು ಬೀದಿಗೇ ಕೇಳಿಸುತ್ತಿತ್ತು. ನಾಗಲಿಂಗ ಗುರುಗಳತ್ತ ತಿರುಗಿದ.

"ಏನು ಹೇಳ್ಲಿ?"

"ಕಲ್ಲು ನಮ್ಮ ಕೈಲಿದ್ದಾಗ ಹೀಗಾಯ್ತು, ಹೊಣೆ ನಮ್ಮದು ಅಂತ ಹೇಳು."

"ನಾನು ಒಡೆದಿರದೇ ಇದ್ರೆ?"

"ಅದು ಇನ್ನು ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಲ್ಲಿ ನೀನು ನೋಡಲಿಲ್ಲ."

ನಾಗಲಿಂಗ ಕೈಯೆತ್ತಿದ. ಬಾಗಿಲು ಮುಟ್ಟಲಾಗದೆ ಇಳಿಸಿದ.

"ಗುರುಗಳೇ, ನನಗೆ ತುಂಬ ಹೆದರಿಕೆ ಆಗ್ತಿದೆ."

ಗುರುಗಳು ಹಿಂದೆ ತಿರುಗಿ, ಸೆರಗು ಕಚ್ಚಿಕೊಂಡು ನಿಂತಿದ್ದ ಸರ್ವಮಂಗಳಳ ಮುಖ ನೋಡಿದರು.

"ಹೆದರು. ಈ ತಾಯಿಯ ಪಾಲನ್ನೂ ಸೇರಿಸಿ ನೀನೇ ಹೆದರು. ಬಾಗಿಲು ತಟ್ಟು."