ತಾಯಿಯ ಬಟ್ಟೆಗೆ ಹಾಕಿದ ಗಂಟು

ಹಿಂದೆ ಗ್ರೀಕರ ನಾಡಿನ ಕಡಲ ದಂಡೆಯಲ್ಲಿ ಹೆರಿಗೆ ದೇವಿ ಐಲಿಥಿಯಾಳ ಗುಡಿಯೊಂದಿತ್ತು. ಸುಖವಾಗಿ ಹೆತ್ತವರು ಅಲ್ಲಿ ತಮ್ಮ ಸೊಂಟಪಟ್ಟಿ ಒಪ್ಪಿಸಿ ಹೋಗುತ್ತಿದ್ದರು. ಹೆರುವಾಗ ತೀರಿಕೊಂಡವಳ ಮನೆಯವರು, ಆಕೆಯ ಮಗ್ಗದಲ್ಲಿ ಅರ್ಧಕ್ಕೇ ನಿಂತ ಬಟ್ಟೆಯನ್ನು ತಂದಿಡುತ್ತಿದ್ದರು. ಎಲ್ಲವೂ ಬಿಳಿ ಉಣ್ಣೆ.

ಮುದುಕಿ ತೆಯಾನೋ ಅಲ್ಲಿನ ಪೂಜಾರಿಣಿ. ಶಿಷ್ಯೆ ಫಿಲಿನ್ನಾ ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡವಳು. ಆ ತಾಯಿಯ ಬಟ್ಟೆಯೂ ರಾಶಿಯಲ್ಲಿತ್ತು. ಗುಡಿಗೆ ಸೇರಿದ ದಿನ ಗುರು ಒಮ್ಮೆ ತೋರಿಸಿದ್ದಳು, ಅಷ್ಟೇ.

ಬಟ್ಟೆ ಕೊಡವಿ ಮಡಚುವುದು ಫಿಲಿನ್ನಾಳ ಕೆಲಸ. ಉಳಿದವನ್ನು ಸರಸರನೆ ಮಡಚಿ ಹಾಕುತ್ತಿದ್ದಳು. ಅದೊಂದನ್ನು ಮಾತ್ರ ಕೆನ್ನೆಗೊತ್ತಿಕೊಂಡು, ಕೈಯಾಡಿಸುತ್ತ, ನಿಧಾನವಾಗಿ ಮಡಚುತ್ತಿದ್ದಳು. ಮುಖವನ್ನೇ ನೋಡದ ತಾಯಿ. ಆಸೆ ತೀರುವುದಾದರೂ ಹೇಗೆ?

ಒಂದು ಮಧ್ಯಾಹ್ನ ಬಸುರಿಯೊಬ್ಬಳನ್ನು ಹೊತ್ತು ತಂದರು. ಎರಡು ದಿನದಿಂದ ನೋವು. ಗುಡಿಯಲ್ಲಿ ಎಲ್ಲೇ ಗಂಟಿದ್ದರೂ ಕೂಸು ಹೊರಬರುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ತೆಯಾನೋ ಅವಳ ಜಡೆ ಬಿಚ್ಚಿಸಿದಳು, ಸೊಂಟಪಟ್ಟಿ ಬಿಚ್ಚಿಸಿದಳು, ಚಪ್ಪಲಿಯ ದಾರವನ್ನೂ ಬಿಚ್ಚಿಸಿದಳು. ಕೂಸು ಬರಲಿಲ್ಲ.

"ಇನ್ನೆಲ್ಲಾದರೂ ಗಂಟು ಉಳಿದಿದೆಯೇನೇ?"

ಫಿಲಿನ್ನಾ ನೆಲ ನೋಡಿದಳು.

"ಅಮ್ಮನ ಬಟ್ಟೆಯಲ್ಲಿದೆ, ತಾಯೀ. ತುದಿಯ ಎಳೆಗೆ ನಾನೇ ಹಾಕಿದ್ದು."

"ಯಾಕೆ ಹಾಕಿದೆ?"

"ಎಲ್ಲವೂ ಒಂದೇ ಥರ ಇವೆ, ಗುರುತು ಹೇಗೆ ಸಿಗಬೇಕು? ಗಂಟು ಬಿಚ್ಚಿದರೆ ಅವಳು ಇನ್ನೊಮ್ಮೆ ನನ್ನ ಬಿಟ್ಟು ಹೋದ ಹಾಗೆ."

ಒಳಗೆ ಬಸುರಿ ಚೀರಿದಳು. ಗುರು ಬೈಯಲಿಲ್ಲ.

ಫಿಲಿನ್ನಾ ಓಡಿಹೋಗಿ ಬಟ್ಟೆ ತಂದಳು. ಗಂಟು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತೆಯಾನೋ ಅದನ್ನು ತೆಗೆದುಕೊಂಡು, ರಾಶಿಯ ಇನ್ನಷ್ಟು ಬಟ್ಟೆಗಳ ಜೊತೆ ಸೇರಿಸಿ, ಬಸುರಿಯ ಕೆಳಗೆ ಹಾಸಿದಳು.

ಹೊತ್ತು ಮುಳುಗುವ ಮುಂಚೆ ಕೂಸು ಅತ್ತಿತು. ತಾಯಿಯೂ ಉಳಿದಳು. ಗಂಟು ಬಿಚ್ಚಿದ್ದಕ್ಕೋ, ದೇವಿಯ ದಯೆಯೋ, ಮುದುಕಿಯ ಕೈಗುಣವೋ, ನಾನೇನು ಬಲ್ಲೆ?

ಮರುದಿನ, ಒಗೆದ ಬಟ್ಟೆಗಳು ಬಂಡೆಗಳ ಮೇಲೆ ಒಣಗಿದವು. ಫಿಲಿನ್ನಾ ಒಂದೊಂದನ್ನೇ ಎತ್ತಿ ಕೆನ್ನೆಗೊತ್ತಿ ನೋಡಿದಳು. ಯಾವುದೆಂದು ಗೊತ್ತಾಗಲಿಲ್ಲ. ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಇವುಗಳಲ್ಲಿ ನನ್ನ ಅಮ್ಮನದು ಯಾವುದು, ತಾಯೀ? ನಿಮಗೆ ಗೊತ್ತಿರುತ್ತೆ, ಹೇಳಿ."

"ನನಗೂ ಗೊತ್ತಿಲ್ಲ, ಮಗಳೇ."

"ಹಾಗಾದರೆ ನಾನೇನು ಮಾಡಲಿ?"

ತೆಯಾನೋ ಕೈಗೆ ಸಿಕ್ಕ ಬಟ್ಟೆಯೊಂದನ್ನು ಅವಳ ಮಡಿಲಲ್ಲಿಟ್ಟಳು.

"ಒಂದೊಂದನ್ನೂ ನಿನ್ನಮ್ಮನದನ್ನು ಮಡಚುತ್ತಿದ್ದ ಹಾಗೆ ಮಡಚು."