ಬೊಮ್ಮಿ ಕನಸಿಗೆ ಅವ್ವ ಬಂದದ್ದು

ಬೆಟ್ಟಗಳೆಲ್ಲ ಇನ್ನೂ ಎಳೇವಾಗಿದ್ದ ಒಂದಾನೊಂದು ಕಾಲದಲ್ಲಿ, ಗವಿಬೆಟ್ಟ ಅನ್ನೋ ಬೆಟ್ಟದ ಮೇಲೆ ಜೇನು ಕೀಳೋ ಜನ ಇದ್ರಂತೆ. ಹೂಂ ಅಂತಿರು ಮಗಾ, ಇಲ್ದಿದ್ರೆ ಕತೆ ನಿಂತೋಗುತ್ತೆ. ಅವರಿಗೆ ಅವರದೇ ಒಂದು ಮಾತಿತ್ತಂತೆ, ಕೇಳಿದ್ರೆ ಎಲೆ ಮೇಲೆ ಹನಿ ತೊಟ್ಟಿಕ್ಕಿದಂಗೆ. ಅಲ್ಲಿ ಕೇತಜ್ಜ ಅಂತ ಒಬ್ಬ ಮುದುಕ, ಅವನ ಮಗಳು ಬೊಮ್ಮಿ, ಬೊಮ್ಮಿಗೊಂದು ಹೆಣ್ಣುಕೂಸು, ಚೆಲ್ಲಿ ಅಂತ. ಬೊಮ್ಮಿ ಅವ್ವ ಸತ್ತು ಎಷ್ಟೋ ಕಾಲ ಆಗಿತ್ತು, ಆದ್ರೂ ಆಗಾಗ ಮಗಳ ಕನಸಿಗೆ ಬಂದು, ಉಂಡೆಯಾ, ಕೂಸು ಹೆಂಗಿದೆ ಅಂತ ಕೇಳ್ಕೊಂಡು ಹೋಗ್ತಿದ್ಲಂತೆ.

ಆಮೇಲೆ ಒಂದು ಬೇಸಿಗೇಲಿ ಬೆಟ್ಟಕ್ಕೆ ಕಾಡ್ಗಿಚ್ಚು ಬಿತ್ತಂತೆ. ಮರ, ಹುಲ್ಲು, ಗುಡ್ಲು ಎಲ್ಲ ಉರಿದು ಬೂದಿಯಾಗಿ, ಜನ ಕೂಸುಗಳನ್ನ ಬೆನ್ನಿಗೆ ಕಟ್ಕೊಂಡು ಕೆಳಗಿನ ಊರಿಗೆ ಇಳಿದು ಬಂದ್ರಂತೆ. ಆ ಊರಿನ ಪಟೇಲ ಮುದ್ವೀರಪ್ಪ ಕೆಟ್ಟೋನೇನಲ್ಲ, ಗುಮಾನಿ ಮಾತ್ರ ಜಾಸ್ತಿ. ಜಾಗ ಕೊಡ್ತೀನಿ, ರಾಗಿ ಕೊಡ್ತೀನಿ, ಆದ್ರೆ ನಿಮ್ಮ ಮಾತು ಊರೊಳಗೆ ಬೇಡ, ನನ್ನ ಮುಂದೇನೇ ನನ್ನ ಬೈದ್ರೂ ನಂಗೆ ಗೊತ್ತಾಗಬೇಕಲ್ಲ, ಆಡಿದ್ರೋ ಅವತ್ತೇ ಊರು ಬಿಡಬೇಕು, ಅಂದ್ನಂತೆ. ಹಸಿದ ಕೂಸುಗಳ ಮುಖ ನೋಡಿ ಎಲ್ರೂ ಆಗಲಿ ಅಂದ್ರಂತೆ.

ಮೊದಲು ಹೋಗಿದ್ದು ನಗು. ಬೆಟ್ಟದ ತಮಾಷೇನ ಊರ ಮಾತಲ್ಲಿ ಹೇಳಿದ್ರೆ ಹೇಳಿದೋರಿಗೇ ನಗು ಬರ್ತಿರಲಿಲ್ಲವಂತೆ. ಆಮೇಲೆ ಹೋಗಿದ್ದು ಹೆಸರು. ಊರೋರು ತಮ್ಮ ಬಾಯಿಗೆ ಒಗ್ಗೋ ಹೆಸರಿಟ್ರು, ಬೊಮ್ಮಿ ಭಾಗ್ಯಮ್ಮ ಆದ್ಲು. ಬೀದೀಲಿ ಯಾರಾದ್ರೂ ಭಾಗ್ಯಮ್ಮಾ ಅಂತ ಕೂಗಿದ್ರೆ, ಯಾರಪ್ಪಾ ಆ ಭಾಗ್ಯಮ್ಮ ಅಂತ ಇವಳೂ ತಿರುಗಿ ನೋಡೋಳಂತೆ. ಮೂರನೇದು ಕೇತಜ್ಜನ ದನಿ. ಅವನಿಗೆ ಊರ ಮಾತು ನಾಲಿಗೆಗೆ ಹತ್ತಲೇ ಇಲ್ಲ. ಚೆಲ್ಲಿ ಬೆಳೀತಾ ಬೆಳೀತಾ ಊರ ಮಾತೇ ಕಲಿತ್ಲು, ತಾತ ಬಾಯಿ ಬಿಟ್ರೆ ಅವಳಿಗೆ ತಿಳೀತಿರಲಿಲ್ಲ. ತಾತ ಅವಳ ತಲೆ ಮೇಲೆ ಕೈಯಿಟ್ಕೊಂಡು ಗೋಡೆಗೊರಗಿ ಸುಮ್ನೆ ಕೂತಿರ್ತಿದ್ದನಂತೆ.

ಹಿಂಗೇ ವರ್ಷಗಳು ಉರುಳಿದ್ವು. ಒಂದು ಮಧ್ಯಾಹ್ನ ಬೊಮ್ಮಿ ಹೊಂಗೆ ಮರದ ನೆರಳಲ್ಲಿ ಹಂಗೇ ಒರಗಿದ್ಲಂತೆ. ಹೂವು ಮೈಮೇಲೆ ಉದುರ್ತಾ ಉದುರ್ತಾ ಕಣ್ಣು ಮುಚ್ಚಿಹೋಯ್ತು. ಕನಸಲ್ಲಿ ಬೆಟ್ಟ ಮತ್ತೆ ಹಸಿರಾಗಿದೆ, ಮೋಡ ಮೊಣಕಾಲ ತನಕ ನಿಂತಿದೆ, ಆ ಮೋಡದೊಳಗಿಂದ ಅವ್ವ ನಡ್ಕೊಂಡು ಬಂದು ಏನೋ ಕೇಳಿದ್ಲಂತೆ. ಬೊಮ್ಮಿಗೆ ತಿಳೀಲಿಲ್ಲ. ಅವ್ವ ಇನ್ನೊಂದು ಸಲ, ನಿಧಾನಕ್ಕೆ, ತೊದಲೋ ಕೂಸಿಗೆ ಹೇಳೋ ಹಂಗೆ ಕೇಳಿದ್ಲು. ಏನವ್ವಾ, ಏನಂದೆ, ಅಂತ ಬೊಮ್ಮಿ ಊರ ಮಾತಲ್ಲೇ ಅಂದುಬಿಟ್ಲು. ಅವ್ವ ಅವಳ ಮುಖ ನೋಡಿ, ಅಯ್ಯೋ, ಯಾರದೋ ಮನೆ ಬಾಗಿಲು ತಟ್ಟಿಬಿಟ್ನಲ್ಲ ಅನ್ನೋ ಹಂಗೆ ನಾಚ್ಕೊಂಡು, ಮೋಡದೊಳಕ್ಕೆ ವಾಪಸ್ ಹೋದ್ಲಂತೆ.

ಬೊಮ್ಮಿ ಧಡಕ್ಕನೆ ಎದ್ದು, ಅಳ್ತಾ ಅಪ್ಪನ ಹತ್ರ ಓಡಿದ್ಲು. ಮರೆತ ಮಾತನ್ನ ಒಂದೊಂದಾಗಿ ಹುಡುಕಿ ಹುಡುಕಿ, ಅಪ್ಪಯ್ಯಾ, ಅವ್ವ ಬಂದಿದ್ಲು, ನಂಗೆ ತಿಳೀಲಿಲ್ಲ, ನೀನು ಮಾತಾಡು, ಊರು ಬಿಡಿಸಿದ್ರೆ ಬಿಡಿಸಲಿ, ಅಂದ್ಲಂತೆ. ಮುದುಕ ಮೊದಲು, ಬೊಮ್ಮೀ, ಅಂದ. ಆಮೇಲೆ ಶುರುವಾಯ್ತು ನೋಡು, ಕಟ್ಟೆ ಒಡೆದ ಕೆರೆ ಹಂಗೆ! ಬೆಟ್ಟದ ಜನ ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದು, ಸುತ್ತ ಕೂತು, ಕೇಳ್ತಾ ಕೇಳ್ತಾ ಅಳೋಕೆ ಶುರು ಮಾಡಿದ್ರಂತೆ.

ಸುದ್ದಿ ತಿಳಿದು ಪಟೇಲ ಕೋಲು ಹಿಡ್ಕೊಂಡು ಬಂದ. ಭಾಗ್ಯಮ್ಮಾ, ಏನಿದೆಲ್ಲ, ಅಂದ.

ನಾನು ಬೊಮ್ಮಿ, ಯಜಮಾನ್ರೇ. ನಿಮ್ಮ ಮಾತು ನಮಗೆ ಅನ್ನ ಕೊಟ್ಟಿದೆ, ಅದನ್ನ ಬಿಡಲ್ಲ. ಆದ್ರೆ ನಮ್ಮವ್ವನಿಗೆ ನಿಮ್ಮ ಮಾತು ಬರಲ್ಲ. ನಾನು ನಂದನ್ನ ಬಿಟ್ರೆ ಅವಳು ಎಲ್ಲಿಗೆ ಬರಬೇಕು ಹೇಳಿ, ಅಂದ್ಲಂತೆ.

ಅಷ್ಟರಲ್ಲಿ ಕೇತಜ್ಜ ಪಟೇಲನ ಕಡೆ ಕೈ ತೋರಿಸಿ ಏನೋ ಅಂದ. ನೋಡಿದ್ಯಾ, ನನ್ನ ಬೈತಿದ್ದಾನೆ, ಅಂತ ಪಟೇಲ ಕೋಲು ಎತ್ತಿದ. ಬೊಮ್ಮಿಗೂ ಪೂರ್ತಿ ತಿಳೀಲಿಲ್ಲ, ಅಪ್ಪನ ಹತ್ರ ಬಗ್ಗಿ ಮತ್ತೆ ಮತ್ತೆ ಕೇಳಿಸ್ಕೊಂಡು, ಕಣ್ಣೊರೆಸ್ಕೊಂಡು ಹೇಳಿದ್ಲಂತೆ. ಬೈತಿಲ್ಲ ಯಜಮಾನ್ರೇ. ಬೆಂದು ಬಂದೋರಿಗೆ ನೆರಳು ಕೊಟ್ಟ ಪುಣ್ಯಾತ್ಮ, ನಿನ್ನ ಮಕ್ಕಳು ಮರಿ ತಣ್ಣಗಿರಲಿ, ಅಂತಿದ್ದಾನೆ. ಬಂದ ದಿನದಿಂದ ಹೇಳಬೇಕು ಅಂತಿತ್ತಂತೆ. ನೀವು ಬಾಯಿ ಕಟ್ಟಿದ್ರಲ್ಲ, ಹೆಂಗೆ ಹೇಳ್ತಾನೆ?

ಪಟೇಲನ ಕೈಯಿಂದ ಕೋಲು ತಾನಾಗೇ ಕೆಳಗಿಳೀತಂತೆ. ಮುದುಕನ ಪಕ್ಕ ನೆಲದ ಮೇಲೇ ಕೂತ್ಕೊಂಡು, ಮಾತಾಡು ಅಜ್ಜಾ, ನಾನೂ ಕೇಳ್ತೀನಿ, ಅಂದ್ನಂತೆ.

ಅವತ್ತಿಂದ ಆ ಊರಲ್ಲಿ ಎರಡು ಮಾತೂ ಓಡಾಡ್ಕೊಂಡಿದ್ವಂತೆ. ಚೆಲ್ಲಿ ತಾತನ ತೊಡೆ ಮೇಲೆ ಕೂತು, ಮರಕ್ಕೇನಂತಾರೆ, ಮೋಡಕ್ಕೇನಂತಾರೆ ಅಂತ ಕೇಳಿ ಕೇಳಿ ಕಲಿತ್ಲು. ದೊಡ್ಡೋಳಾಗಿ, ಮದುವೆಯಾಗಿ, ತನಗೊಂದು ಕೂಸು ಹುಟ್ಟಿದಾಗ ತೊಟ್ಟಿಲು ತೂಗ್ತಾ ಒಂದು ಜೋಗುಳ ಊರ ಮಾತಲ್ಲಿ, ಇನ್ನೊಂದು ಬೆಟ್ಟದ ಮಾತಲ್ಲಿ ಹಾಡೋಳಂತೆ. ಕೂಸು ಯಾವುದಕ್ಕೆ ನಿದ್ದೆ ಹೋಯ್ತು ಅಂತ ಅವಳಿಗೂ ಗೊತ್ತಾಗ್ತಿರಲಿಲ್ಲವಂತೆ.

ಅಷ್ಟೇ ಮಗಾ, ಕತೆ ಮುಗೀತು, ಕಂಬಳಿ ಮೇಲಕ್ಕೆ ಎಳ್ಕೋ.