ಗುಳ್ಳೆ ಒಡೆದ ದೋಣಿ

"ಗುರುಗಳೇ, ನೀವು ಹೇಳಿಕೊಟ್ಟದ್ದು ಯಾವುದೂ ನನ್ನಲ್ಲಿ ಯಾಕೆ ನಿಲ್ಲುತ್ತಿಲ್ಲ?"

ಕೇಳಿದವನು ಗಜಾನನ. ಅಳಿವೆಯ ದಂಡೆಯ ಆ ಪುಟ್ಟ ಮಠಕ್ಕೆ ಅವನು ಸೇರಿ ನಾಲ್ಕು ವರ್ಷವಾಗಿತ್ತು. ತಾಯಿ ತೀರಿಕೊಂಡು ಎರಡು ತಿಂಗಳು. ಊರಿಗೆ ಹೋಗಿ ಕಾರ್ಯಗಳನ್ನೆಲ್ಲ ಮುಗಿಸಿ, ಹದಿನಾಲ್ಕನೆಯ ದಿನವೇ ಮರಳಿ ಬಂದಿದ್ದ. ಇಷ್ಟು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ವೈರಾಗ್ಯ ಅಂದರೆ ಇದು ಎಂದು ಮಠದವರು ಹೊಗಳಿದ್ದರು, ಅವನೂ ಅದನ್ನು ನಂಬಿಕೊಂಡಿದ್ದ. ಆದರೆ ಜಪಕ್ಕೆ ಕೂತರೆ ಮನಸ್ಸು ನಿಲ್ಲದು, ಬೆಳಿಗ್ಗೆ ಓದಿದ್ದು ಸಂಜೆಗೆ ಇರದು. ತಾನು ಈ ದಾರಿಗೆ ಲಾಯಕ್ಕಿಲ್ಲ ಅನ್ನಿಸಿ ಬಟ್ಟೆ ಗಂಟು ಕಟ್ಟಿದ್ದ. ಮಠ ಬಿಟ್ಟು ಹೋಗುವ ಮೊದಲು ಇದೊಂದು ಮಾತು ಕೇಳಿಬಿಡೋಣ ಎಂದು ಬಂದಿದ್ದ.

ಗುರುಗಳು ಅವನ ಮುಖ ನೋಡಿದರು, ಬಗಲಲ್ಲಿದ್ದ ಗಂಟು ನೋಡಿದರು.

"ಓಹೋ, ಸವಾರಿ ಹೊರಟೇ ಬಿಟ್ಟಿತೋ! ಬಸ್ಸಿಗೆ ಇನ್ನೂ ಹೊತ್ತಿದೆ ತಮ್ಮಾ. ಕೂತುಕೋ, ಒಂದು ಕತೆ ಕೇಳಿಕೊಂಡು ಹೋಗು" ಎಂದು ಶುರು ಮಾಡಿದರು.

ಒಬ್ಬ ಮೀನುಗಾರನಿದ್ದ. ಜಟ್ಟಪ್ಪ ಅಂತ ಇಟ್ಟುಕೋ. ಅವನಿಗೊಂದು ಫೈಬರ್ ದೋಣಿ. ಇಪ್ಪತ್ತು ವರ್ಷದ್ದು. ಮನೆಯ ಹೊಟ್ಟೆಪಾಡೆಲ್ಲ ಅದರ ಮೇಲೆಯೇ ನಡೆಯುತ್ತಿತ್ತು. ಒಂದು ಮಳೆಗಾಲ ಅದನ್ನು ದಡಕ್ಕೆ ಎಳೆದು, ಚಪ್ಪರದಡಿ ಮಗುಚಿ ಹಾಕಿ ನೋಡುತ್ತಾನೆ, ತಳದ ತುಂಬ ಗುಳ್ಳೆ ಎದ್ದಿವೆ. ಕೆಲವು ಕಡಲೆಯಷ್ಟು, ಕೆಲವು ಅಡಿಕೆಯಷ್ಟು. ಜಟ್ಟಪ್ಪ ಒಂದೊಂದನ್ನೇ ಮುಟ್ಟಿ ನೋಡಿದ. ಯಾರಿಗೂ ಹೇಳಲಿಲ್ಲ. ದೋಣಿ ಹೋಯಿತು ಅಂತ ಸುದ್ದಿಯಾದರೆ ಜೊತೆಗೆ ಕಡಲಿಗೆ ಬರುವ ನಾಲ್ಕು ಜನ ಬೇರೆ ದೋಣಿ ಹತ್ತಿಬಿಡುತ್ತಾರಲ್ಲ! ಗುಳ್ಳೆಗಳ ಮೇಲೆ ಪುಟ್ಟಿ ಮೆತ್ತಿದ, ಸ್ಯಾಂಡ್ ಪೇಪರಿನಲ್ಲಿ ಮೇಲೆ ಮೇಲೆ ಉಜ್ಜಿದ, ನೀಲಿ ಬಣ್ಣ ಬಳಿದ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ನೀರಿಗಿಳಿಸಿದಾಗ ದೋಣಿ ಫಳಫಳ ಹೊಳೆಯುತ್ತಿತ್ತು. ಹೊಸದೇ ತಂದೆಯೇನೋ ಅಂತ ಕೇರಿಯವರು ಕೇಳಿದರು. ಇವನೂ ಮೀಸೆ ಮೇಲೆ ಕೈಯಾಡಿಸಿದ.

ದೀಪಾವಳಿ ಹೊತ್ತಿಗೆ ಬಣ್ಣ ಹಾಳೆಹಾಳೆಯಾಗಿ ಎದ್ದುಬಂತು.

ಮತ್ತೆ ಎಳೆದ, ಮತ್ತೆ ಬಳಿದ. ಈ ಸಲ ದುಬಾರಿ ಬಣ್ಣ, ಒಂದಕ್ಕೆ ಎರಡು ಕೋಟು. ಅದೂ ಸಂಕ್ರಾಂತಿಯವರೆಗೆ ನಿಲ್ಲಲಿಲ್ಲ. ಬಣ್ಣದವನಿಗೆ ಬೈದ, ಸಮುದ್ರಕ್ಕೆ ಬೈದ, ಕೊನೆಗೆ ದೋಣಿಗೇ ಬೈದ. ಇದರ ಋಣ ತೀರಿತು, ಗುಜರಿಗೆ ಹಾಕುತ್ತೇನೆ ಅಂತ ಹಟ ಹಿಡಿದು ಕೂತ. ಹೆಂಡತಿ ದೇವಕಿ ಮಾತ್ರ ಸುಮ್ಮನಿರದೆ ಹುಸೇನ್ ಮೇಸ್ತ್ರಿಗೆ ಹೇಳಿ ಕಳಿಸಿದಳು. ಮೇಸ್ತ್ರಿ ಫೈಬರ್ ಕೆಲಸದಲ್ಲಿ ಕೂದಲು ಹಣ್ಣಾಗಿಸಿಕೊಂಡ ಮನುಷ್ಯ.

ಮೇಸ್ತ್ರಿ ಬಂದವರು ಬಣ್ಣ ನೋಡಲಿಲ್ಲ. ದೋಣಿಗೆ ಕಿವಿಯಿಟ್ಟು, ಬೆರಳ ಗಂಟಿನಿಂದ ಅಂಗುಲ ಅಂಗುಲ ಬಡಿಯುತ್ತ ಹೋದರು. ಒಂದು ಕಡೆ ಸದ್ದು ಮಂದವಾಯಿತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಅಲ್ಲಿದ್ದ ಗುಳ್ಳೆಗೆ ಒತ್ತಿಯೇ ಬಿಟ್ಟರು. ವರ್ಷಗಟ್ಟಲೆ ಫೈಬರಿನೊಳಗೆ ಇಂಗಿದ್ದ ಹುಳಿ ವಾಸನೆಯ ನೀರು ಚಿಮ್ಮಿತು.

"ಅಯ್ಯಯ್ಯೋ, ಇದೇನು ಮಾಡಿದಿರಿ ಸಾಹೇಬರೇ! ದೋಣಿಗೇ ತೂತು ಹಾಕಿದಿರಲ್ಲ!" ಎಂದು ಜಟ್ಟಪ್ಪ ಅವರ ಕೈ ಹಿಡಿದುಕೊಂಡ.

"ತೂತಿಗೆ ಹೆದರುತ್ತೀಯಲ್ಲ ಮಾರಾಯ, ಈ ನೀರನ್ನು ಒಳಗಿಟ್ಟುಕೊಂಡು ಎರಡು ಸಲ ಬಣ್ಣ ಬಳಿಯುವಾಗ ಹೆದರಿಕೆ ಆಗಲಿಲ್ಲವೋ?" ಎಂದರು ಮೇಸ್ತ್ರಿ. "ಇದು ಹೊರಗೆ ಬರದೆ ಮೇಲೆ ಏನು ಬಳಿದರೂ ಹಿಡಿಯೋದಿಲ್ಲ."

ಆ ದಿನ ಗುಳ್ಳೆಗಳನ್ನೆಲ್ಲ ಒಡೆದರು. ಒಡೆದದ್ದನ್ನು ಸಿಹಿನೀರಿನಲ್ಲಿ ತೊಳೆದರು. ಮರುದಿನವೂ ತೊಳೆದರು, ಅದರ ಮರುದಿನವೂ. ಆಮೇಲೆ ಬಿಸಿಲಿಗೆ ಬಿಟ್ಟರು. ಎಷ್ಟು ದಿನ ಬೇಕು ಅಂತ ಜಟ್ಟಪ್ಪ ಕೇಳಿದ್ದಕ್ಕೆ, ಅದನ್ನು ದೋಣಿಯನ್ನೇ ಕೇಳಬೇಕು ಅಂದರು ಮೇಸ್ತ್ರಿ. ಕೇಳುವುದು ಹೇಗೆ ಅಂತಲೂ ತೋರಿಸಿಕೊಟ್ಟರು. ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕೆ ಹಾಸಿ ಸುತ್ತ ಟೇಪು ಅಂಟಿಸುವುದು, ಮಧ್ಯಾಹ್ನ ಬಿಸಿಲೇರಿದ ಮೇಲೆ ನೋಡುವುದು. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕೂತಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಲೆಕ್ಕ.

ವಾರ ಕಳೆಯಿತು, ಹನಿ ಇತ್ತು. ತಿಂಗಳಾಯಿತು, ಇತ್ತು. ಜೊತೆಯ ನಾಲ್ವರಲ್ಲಿ ಇಬ್ಬರು ಬೇರೆ ದೋಣಿಗೆ ಹೋದರು. ಜಟ್ಟಪ್ಪನೂ ಕಂಡವರ ದೋಣಿಯಲ್ಲಿ ಬಲೆ ಎಳೆದು ಸಂಸಾರ ತೂಗಿಸಿದ. ಅವನಿಗೆ ಸಂಕಟವೇನು ಕಡಿಮೆಯೇ? ತನ್ನ ದೋಣಿ ಮೈತುಂಬ ತೂತು ಮಾಡಿಕೊಂಡು ಬಿದ್ದಿರುವುದನ್ನು ದಿನಾ ಊರೆಲ್ಲ ನೋಡುತ್ತಿತ್ತು. ಆದರೂ ಕಡಲಿನಿಂದ ಬಂದವನೇ ಮೊದಲು ಅದರ ಹತ್ತಿರ ಕೂತು, ಅಂಗೈಯಲ್ಲಿ ತಳ ಸವರಿ ನೋಡುತ್ತಿದ್ದ. ಬೈಗುಳವೆಲ್ಲ ಎಲ್ಲಿ ಹೋಯಿತೋ! "ನಾನು ಹೆತ್ತು ಮಲಗಿದ್ದಾಗಲೂ ನೀವು ಇಷ್ಟು ಸಲ ವಿಚಾರಿಸಿರಲಿಲ್ಲ" ಎಂದು ದೇವಕಿ ನಗುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಹಾಳೆ ಎತ್ತಿದರೆ ಒಣಗಿತ್ತು. ಅವತ್ತು ಮೇಸ್ತ್ರಿ ತೂತು ತುಂಬಿದರು. ತಳವನ್ನು ಥಿನ್ನರಿನಲ್ಲಿ ಒರೆಸಿ, ಹೊಳಪೆಲ್ಲ ಹೋಗುವ ಹಾಗೆ ಉಜ್ಜಿ, ಪ್ರೈಮರ್ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಬಳಿದರು. ಮೊದಲ ಸಲ ತಂದಿದ್ದ ಅದೇ ಅಗ್ಗದ ನೀಲಿ ಬಣ್ಣ. ಆ ದೋಣಿ ಆಮೇಲೆ ಎಷ್ಟೋ ಮಳೆಗಾಲ ಕಂಡಿತು, ಒಂದು ಸಿಪ್ಪೆಯೂ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗಜಾನನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಕತೆಯ ಅರ್ಥ ಕೇಳಿಬಿಟ್ಟಾರು ಎಂದು ಅವನಿಗೆ ಅಳುಕಿತ್ತು. ಶಾಸ್ತ್ರದಲ್ಲಿ ಇದಕ್ಕೆ ಏನು ಹೇಳಿದೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದ್ದ. ಗುರುಗಳು ಅರ್ಥ ಕೇಳಲಿಲ್ಲ. ಹತ್ತಿರ ಸರಿದು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿಮ್ಮಮ್ಮ ನಿನ್ನನ್ನು ಮುದ್ದಿನಿಂದ ಏನಂತ ಕರೆಯುತ್ತಿದ್ದಳು ತಮ್ಮಾ?"

ಗಜಾನನ ಹೇಳಲು ಬಾಯಿ ತೆರೆದ. ಎರಡು ತಿಂಗಳಿಂದ ಬಾರದ ಕಣ್ಣೀರು ತೊಡೆಯ ಮೇಲಿನ ಗಂಟಿನ ಮೇಲೆ ತೊಟತೊಟನೆ ಬಿತ್ತು.